ಹದಿನಾಲ್ಕನೆಯ ಪುಟದ ಕಲಾಯಿ ಮುತ್ಯಾ

ಬೆಟಗೇರಿ
೯ ನವೆಂಬರ್ ೧೯೯೭, ರವಿವಾರ

ನೂರೀನ,

ಅಲ್ಲ, ನಾನು ಹೇಳುತ್ತಿದ್ದದ್ದು ಅದಲ್ಲ. ಅಷ್ಟರಲ್ಲಿ ನಿನ್ನ ಮುಂಡರಗಿ ಬಸ್ಸು ಹೊರಟಿತು. ನೀನು ಕಿಟಕಿಯಿಂದ ಏನೋ ಅಂದೆ, ನಾನು ಕೆಳಗಿನಿಂದ ಏನೋ ಅಂದೆ, ಕಂಡಕ್ಟರ್ ಸೀಟಿ ಊದಿದ. ನಿನ್ನೆ ಅರ್ಧಕ್ಕೆ ನಿಂತ ಮಾತು ರಾತ್ರಿಯೆಲ್ಲ ಬಾಯಲ್ಲೇ ಉಳಿದಿತ್ತು, ಅಡಿಕೆ ಚೂರು ಹಲ್ಲಿನ ಸಂದಿಯಲ್ಲಿ ಉಳಿಯುತ್ತದಲ್ಲ ಹಾಗೆ. ಅದಕ್ಕೇ ಬರೆಯುತ್ತಿದ್ದೇನೆ.

ಹೊಸ ಜಿಲ್ಲೆಯ ಮಕ್ಕಳಿಗಾಗಿ ಪದಗಳ ಪುಸ್ತಕ ತರುತ್ತಾರೆ, ಜನವರಿ ಇಪ್ಪತ್ತಾರಕ್ಕೆ ಹಂಚುತ್ತಾರೆ, ಒಳ್ಳೆಯದೇ. ಅಂಗನವಾಡಿ ಟೀಚರುಗಳೆಲ್ಲ ತಮಗೆ ಗೊತ್ತಿದ್ದ ಒಂದೊಂದು ಪದ ಬರೆದುಕೊಡಿ ಅಂದರು, ನೀನೂ ಕೊಟ್ಟೆ. ಅದೂ ಸರಿ. ಆದರೆ ಊರಲ್ಲಿ ಅಷ್ಟೊಂದು ಪದಗಳಿರುವಾಗ ನಿನಗೆ ಅದೇ ಬೇಕಾಗಿತ್ತೆ? ಆ ಪುಸ್ತಕ ಅಚ್ಚಾಗುತ್ತಿರುವುದು ನಾನು ಮೂವತ್ತನಾಲ್ಕು ವರ್ಷ ಪ್ರೂಫ್ ನೋಡಿದ ಪ್ರೆಸ್ಸಿನಲ್ಲಿ ಎಂಬುದು ನಿನಗೆ ಗೊತ್ತು. ನಿವೃತ್ತಿಯಾದ ಮೇಲೂ ಅವರು ಕರಡನ್ನು ಮನೆಗೇ ಕಳಿಸುತ್ತಾರೆಂಬುದೂ ಗೊತ್ತು. ಹದಿನಾಲ್ಕನೆಯ ಪುಟ ತಿರುಗಿಸಿದರೆ ಅಲ್ಲಿ ನಿಮ್ಮ ಅಮ್ಮಿಯ ಅಪ್ಪ, ನಿನ್ನ ನಾನಾ ಕೂತಿದ್ದಾರೆ:

ಕಲಾಯಿ ಮುತ್ಯಾ ಬಂದಾನ,
ಬೋಗುಣಿ ಬೆಳ್ಳಗ ಮಾಡ್ಯಾನ;
ಮ್ಯಾಲಿನ ಓಣಿ ಬೋಗುಣಿ ಕೆಳಗ,
ಕೆಳಗಿನ ಓಣಿ ಬೋಗುಣಿ ಮ್ಯಾಗ;
ಯಾರದು ಯಾರಿಗೆ ಹೋತಂತ
ಗಡ್ಡಾ ಕೆರಕೋತ ಕುಂತಾನ,
ಗಡ್ಡಕ್ಕೂ ಕಲಾಯಿ ಹತ್ತೇತಿ,
ಚಂದ್ರಾಮ ನೋಡಿ ನಕ್ಕಾನ.

ಕೆಳಗೆ ಸಂಪಾದಕರ ಟಿಪ್ಪಣಿ: 'ಈ ಕಲಾಯಿ ಮುತ್ಯಾ ಯಾರು, ಪದ ಎಲ್ಲಿ ಹುಟ್ಟಿತು, ಎರಡು ಸಾಲು ಬರೆದು ಕಳಿಸುವುದು.' ಆ ಎರಡು ಸಾಲನ್ನು ನನ್ನಿಂದ ಬರೆಸಲೆಂದೇ ನಿನ್ನೆ ಬಂದಿದ್ದೆ ಅನ್ನು. ಅಂಗನವಾಡಿಯ ಮೀಟಿಂಗ್ ಬರೀ ನೆಪ.

ನಾನು ಬರೆಯುವುದಿಲ್ಲ. ಬರೆಯುವುದೇನು, ನಿನ್ನೆ ನೀನು ಹೋದ ಮೇಲೆ ಇಡೀ ಪದಕ್ಕೆ ಕೆಂಪು ಗೆರೆ ಎಳೆದು ಪ್ರೆಸ್ಸಿಗೆ ಕಳಿಸಿಬಿಟ್ಟೆ. ತೆಗೆದುಹಾಕಿ ಅಂತ. ನಿನ್ನ ನಾನಾ ಯಮನೂರಸಾಬರು ಯಳವತ್ತಿಯಲ್ಲಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದವರು. ಒಂದು ಸಲ ಮೇಲಿನ ಓಣಿಯವರ ಪಾತ್ರೆ ಕೆಳಗಿನ ಓಣಿಗೂ ಅವರದು ಇವರಿಗೂ ಹೋಗಿಬಿಟ್ಟಿತು. ಅದು ಎಂಥ ಅನಾಹುತ ಎಂಬುದು ನಿಮ್ಮ ಕಾಲದವರಿಗೆ ತಿಳಿಯುವುದಿಲ್ಲ, ಅಥವಾ ಚೆನ್ನಾಗಿಯೇ ತಿಳಿಯುತ್ತದೆ. ಅವರು ಊರು ಬಿಟ್ಟು ಬೆಟಗೇರಿಗೆ ಬರಬೇಕಾಯಿತು. ಊರವರು ಅವರ ಮೇಲೆ ಪದ ಕಟ್ಟಿ ಮಕ್ಕಳ ಬಾಯಿಗೆ ಹಾಕಿದರು. ನಾನು ನಿಮ್ಮ ಅಮ್ಮಿಯನ್ನು ಮದುವೆಯಾಗುವ ಹೊತ್ತಿಗೆ ಅವರು ತೀರಿಕೊಂಡು ವರ್ಷವಾಗಿತ್ತು, ಪದ ಮಾತ್ರ ಓಣಿ ತುಂಬ ಓಡಾಡುತ್ತಿತ್ತು. ಅವಳು ಒಂದು ದಿನವೂ ಅದರ ಬಗ್ಗೆ ಮಾತಾಡಲಿಲ್ಲ. ಮಾತಾಡದಿದ್ದರೇನು, ಗಂಡನಿಗೆ ತಿಳಿಯುವುದಿಲ್ಲವೆ? ನೀನು ಐದು ವರ್ಷದವಳಿದ್ದಾಗ ಅದನ್ನು ಹಾಡುತ್ತ ಒಳಗೆ ಬಂದೆ. ಬೈದೆನೋ ಹೊಡೆದೆನೋ ನೆನಪಿಲ್ಲ, ಈ ಮನೆಯಲ್ಲಿ ಇನ್ನು ಆ ಪದ ಬೇಡ ಎಂದೆ. ಆಮೇಲೆ ಯಾರೂ ಹಾಡಲಿಲ್ಲ. ಅವಳಿಗೆ ನೋವಾಗಬಾರದೆಂದು ಇಪ್ಪತ್ತಾರು ವರ್ಷ ಕಾಯ್ದದ್ದನ್ನು ಅವಳು ಹೋದ ಐದೇ ತಿಂಗಳಿಗೆ ಅಚ್ಚು ಹಾಕಿಸಲೆ?

ಉಳಿದಂತೆ ಇಲ್ಲಿ ಎಲ್ಲ ಇದ್ದ ಹಾಗೇ ಇದೆ. ಬಂದವರು ಹೇಗಿದ್ದೀರಿ ಅನ್ನುತ್ತಾರೆ, ಇದ್ದೇನೆ ಅನ್ನುತ್ತೇನೆ. ಅಳು ಬಂದಿಲ್ಲ, ಇನ್ನೂ. ಬಹಳ ಹೊತ್ತು ಮಡಚಿ ಕೂತ ಕಾಲು ನಮ್ಮದೋ ಅಲ್ಲವೋ ಅನಿಸುತ್ತದಲ್ಲ, ಹಾಗೆ. ಅವಳು ತೀರಿಕೊಂಡದ್ದು ಧಾರವಾಡ ಜಿಲ್ಲೆಯಲ್ಲಿ, ನಾನು ಬದುಕಿರುವುದು ಗದಗ ಜಿಲ್ಲೆಯಲ್ಲಿ. ಮನೆ ಅದೇ, ಹಾಸಿಗೆ ಅದೇ. ಸರಕಾರ ಮಧ್ಯದಲ್ಲಿ ಗೆರೆ ಎಳೆಯಿತು.

ಮೊಮ್ಮಗಳು ಗುಲ್ನಾಜಳ ಕೆಮ್ಮು ಹೇಗಿದೆ ಬರೆ.

ನಿನ್ನ ಅಬ್ಬಾ,
ಮುರ್ತುಜಾ


ಮುಂಡರಗಿ
೧೫ ನವೆಂಬರ್ ೧೯೯೭

ಅಬ್ಬಾ ಅವರಿಗೆ ಸಲಾಮ್.

ಕೆಮ್ಮು ಕಡಿಮೆಯಾಗಿದೆ.

ಬೈದದ್ದಲ್ಲ, ಹೊಡೆದಿರಿ. ಎಡ ಕೆನ್ನೆಗೆ. ಅಂದು ಮನೆಗೆ ಪ್ರೆಸ್ಸಿನ ಮಾಲೀಕರು ಬಂದು ಕುರ್ಚಿಯ ಮೇಲೆ ಕೂತಿದ್ದರು, ಅಮ್ಮಿ ಚಹಾ ಸೋಸುತ್ತಿದ್ದಳು. ನಾನು ಅದಕ್ಕೆ ಸಿಟ್ಟಾಗಿಲ್ಲ. ಆದರೆ ಒಂದು ಕೇಳುತ್ತೇನೆ: ಆ ಪದದಿಂದ ಅಮ್ಮಿಗೆ ನೋವಾಗುತ್ತಿತ್ತು ಅಂತ ನಿಮಗೆ ಯಾರು ಹೇಳಿದರು?

ನಾನು ಆ ಪದವನ್ನು ಓಣಿಯಲ್ಲಿ ಕಲಿಯಲಿಲ್ಲ ಅಬ್ಬಾ. ಅಮ್ಮಿ ಕಲಿಸಿದಳು, ಜಳಕ ಮಾಡಿಸುವಾಗ. ಕೊನೆಯ ಸಾಲಿಗೆ ಬಂದಾಗ ಚೆಂಬಿನ ನೀರು ತಲೆ ಮೇಲೆ ಸುರಿಯುತ್ತಿದ್ದಳು. ನೀವು ಹೊಡೆದ ಮೇಲೆ ಬಿಟ್ಟಳು. ಮತ್ತೆ ನಾನು ಕೇಳಿದ್ದು ಗುಲ್ನಾಜ ಹುಟ್ಟಿದಾಗ. ಬಾಣಂತನಕ್ಕೆಂದು ಇಲ್ಲಿಗೆ ಬಂದವಳು ತೊಟ್ಟಿಲ ಹತ್ತಿರ ಕೂತು ಮೆಲ್ಲಗೆ ಹೇಳುತ್ತಿದ್ದಳು, ಕೂಸಿನ ಗದ್ದವನ್ನು ಎರಡು ಬೆರಳಿನಿಂದ ಕೆರೆಯುತ್ತ. ನನ್ನನ್ನು ನೋಡಿ ನಿಲ್ಲಿಸಿದಳು. 'ನಿಮ್ಮ ಅಬ್ಬಾಗ ಹೇಳಬ್ಯಾಡ, ಅವರಿಗೆ ಸೇರೂದಿಲ್ಲ' ಅಂದಳು. 'ನಿನಗ ಸೇರತೈತೇನು?' ಅಂದೆ. ಕೂಸಿಗೆ ಹೊದಿಸಿದ ದುಪಟಿ ಸರಿ ಮಾಡಿದಳು.

ನೋವಾಗುವವರು ಹಾಗೆ ಹಾಡುತ್ತಾರೆಯೆ? ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಗೊತ್ತಿರುವವರು ಒಬ್ಬರಿದ್ದಾರೆ. ಯಳವತ್ತಿಯ ಗೌಡರ ಮನೆಯ ಕಸ್ತೂರೆವ್ವನ ಹೆಸರನ್ನು ಅಮ್ಮಿ ಆಗಾಗ ಹೇಳುತ್ತಿದ್ದಳು. ಹೋಗಿ ಕೇಳಿ ಬನ್ನಿ. ಅಮ್ಮಿಗೆ ಬೇಡವಾಗಿತ್ತು ಅಂತ ಅವರು ಹೇಳಿದರೆ ನಿಮ್ಮ ಕೆಂಪು ಗೆರೆ ಇರಲಿ, ನಾನು ಬಾಯಿ ಬಿಡುವುದಿಲ್ಲ. ಪುಸ್ತಕ ಡಿಸೆಂಬರ್ ಕೊನೆಗೆ ಅಚ್ಚಿಗೆ ಹೋಗುತ್ತದಂತೆ. ಅಷ್ಟರೊಳಗೆ ಹೋಗಿ.

ಊಟ ಹೊತ್ತಿಗೆ ಸರಿಯಾಗಿ ಮಾಡಿ.

ನಿಮ್ಮ,
ನೂರೀನ


ಬೆಟಗೇರಿ
೨೪ ನವೆಂಬರ್ ೧೯೯೭

ನೂರೀನ,

ಕಾಗದ ಬಂದು ಆರು ದಿನವಾಯಿತು. ಪ್ರೂಫ್ ಬಹಳ ಇತ್ತು. ಮದುವೆ ಕಾರ್ಡುಗಳು, ಸೊಸೈಟಿಯ ವರದಿ, ಯಾರದೋ ಪುರಾಣದ ಎರಡನೆಯ ಮುದ್ರಣ. ಒಂದು ತಪ್ಪೂ ಕಣ್ಣು ತಪ್ಪಿಸುತ್ತಿಲ್ಲ. ಮೊದಲೆಲ್ಲ ಪುಟಕ್ಕೆ ಒಂದಾದರೂ ಉಳಿಯುತ್ತಿತ್ತು, ನಿಮ್ಮ ಅಮ್ಮಿ ಪಕ್ಕದಲ್ಲಿ ಏನಾದರೂ ಹೇಳುತ್ತಿರುತ್ತಿದ್ದಳಲ್ಲ. ಈಗ ಗಮನ ಎಲ್ಲಿಗೂ ಹೋಗುವುದಿಲ್ಲ.

ಮಾಲೀಕರು ಬಂದದ್ದು ನಿನಗೆ ಹೇಗೆ ನೆನಪಿದೆ? ಐದು ವರ್ಷದ ಹುಡುಗಿ ನೀನು. ಇರಲಿ.

ನಾನು ಬಿ.ಎ. ಎರಡನೆಯ ವರ್ಷದಲ್ಲಿ ಕಾಲೇಜು ಬಿಟ್ಟವನು, ಆದರೂ ಇಂಗ್ಲಿಷ್ ಕ್ಲಾಸಿನದು ಸ್ವಲ್ಪ ತಲೆಯಲ್ಲಿದೆ. ನಮ್ಮ ಪ್ರೊಫೆಸರರು ಒಂದು ದಿನ ಮಕ್ಕಳ ಪದಗಳ ಮೇಲೆ ಪಾಠ ಮಾಡಿದರು. ಸಿಲೆಬಸ್ಸಿನಲ್ಲಿ ಇರಲಿಲ್ಲ, ಅವರಿಗೆ ಮನಸ್ಸು ಬಂದಿತ್ತು. 'ನಾನ್‌ಸೆನ್ಸ್ ಈಸ್ ನಾಟ್ ವಿದೌಟ್ ಸೆನ್ಸ್' ಅಂದರು, ಅಥವಾ ಅದರ ತಿರುವು ಮುರುವು. ಪ್ರತಿಯೊಂದು ಮಕ್ಕಳ ಪದದೊಳಗೂ ಒಬ್ಬ ನಿಜವಾದ ಮನುಷ್ಯ ಇರುತ್ತಾನೆ, ಬಿದ್ದವನೋ ಒಡೆದವನೋ ಕಳಕೊಂಡವನೋ. ಕಾಲ ಸರಿದಂತೆ ಮನುಷ್ಯ ಕರಗಿ ಹೋಗುತ್ತಾನೆ, ಬೀಳುವುದು ಮಾತ್ರ ಉಳಿಯುತ್ತದೆ, ಆಗ ಮಕ್ಕಳು ನಗುತ್ತಾರೆ ಅಂದರು. ನಗು ಬರುವುದಕ್ಕೆ ಮೂರು ಕಾರಣ ಕೊಟ್ಟರು. ಒಂದು, ದೊಡ್ಡವರು ಪೆದ್ದರಾದರೆ ಮಕ್ಕಳಿಗೆ ಸಮಾಧಾನ. ಎರಡು, ಮೇಲಿನದು ಕೆಳಗೆ ಕೆಳಗಿನದು ಮೇಲೆ ಆಗುವುದು, ಅದಕ್ಕೊಂದು ಇಂಗ್ಲಿಷ್ ಶಬ್ದ ಇತ್ತು, ಮರೆತೆ. ಮೂರನೆಯ ಕಾರಣ ಹೇಳುವಾಗ ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆನೋ ಏನೋ, ಎಷ್ಟು ತಡಕಿದರೂ ಸಿಗುತ್ತಿಲ್ಲ. ಎರಡು ದಿನದಿಂದ ಅದನ್ನೇ ಹುಡುಕುತ್ತಿದ್ದೇನೆ. ಜಳಕಕ್ಕೆ ಕೂತರೂ ಅದೇ.

ಆ ಲೆಕ್ಕದಲ್ಲಿ ನಿನ್ನ ನಾನಾ ಇನ್ನೂ ಪೂರ್ತಿ ಕರಗಿಲ್ಲ. ನೆನಪಿಟ್ಟುಕೊಂಡವರು ಒಬ್ಬಿಬ್ಬರಿದ್ದಾರೆ. ಎಲ್ಲರೂ ಹೋದ ಮೇಲೆ ಅಚ್ಚು ಹಾಕಿಸಲಿ, ಯಾರಿಗೂ ತೊಂದರೆಯಿಲ್ಲ.

ಯಳವತ್ತಿಗೆ ಹೋಗಿಲ್ಲ. ಶನಿವಾರ ಬಸ್ ಸ್ಟ್ಯಾಂಡಿನವರೆಗೆ ಹೋಗಿದ್ದೆ. ಯಳವತ್ತಿಗೆ ಹೋಗುವ ಲಕ್ಷ್ಮೇಶ್ವರದ ಬಸ್ಸು ಎದುರಿಗೇ ನಿಂತಿತ್ತು, ಸೀಟು ಕೂಡ ಇತ್ತು. ಹತ್ತಲಿಲ್ಲ. ಶೇಂಗಾ ತೆಗೆದುಕೊಂಡು ಮನೆಗೆ ಬಂದೆ. ಅವಳು ಬೆಚ್ಚಗೆ ಮುಚ್ಚಿಟ್ಟದ್ದನ್ನು ನಾನು ಹೋಗಿ ಯಾರ ಮನೆಯ ಕಟ್ಟೆಯ ಮೇಲೋ ಬಿಚ್ಚಿ ಕೇಳಬೇಕೆ?

ಅಬ್ಬಾ,
ಮುರ್ತುಜಾ


ಮುಂಡರಗಿ
೨ ಡಿಸೆಂಬರ್ ೧೯೯೭

ಅಬ್ಬಾ,

ಅವಳೇ ಮುಚ್ಚಿಟ್ಟಳೋ, ನೀವು ಮುಚ್ಚಿಸಿದಿರೋ?

ಕೇಳಬಾರದ ಮಾತು ಕೇಳಿದ್ದರೆ ಮಾಫ್ ಮಾಡಿ. ಗುಲ್ನಾಜ ದಿನಾ ಅಂಗನವಾಡಿಯಲ್ಲಿ ಅದನ್ನು ಹಾಡುತ್ತಾಳೆ, ಅವಳ ನಾನಿಯ ಹಾಗೆ ಗದ್ದ ಕೆರೆದುಕೊಂಡು. 'ಮುತ್ಯಾ ಅಂದ್ರ ಯಾರು?' ಅಂತ ಕೇಳುತ್ತಾಳೆ. ಏನು ಹೇಳಲಿ?

ನೂರೀನ


ಬೆಟಗೇರಿ
೧೪ ಡಿಸೆಂಬರ್ ೧೯೯೭, ರವಿವಾರ

ನೂರೀನ,

ಗುರುವಾರ ಹೋಗಿದ್ದೆ. ಕ್ರಮವಾಗಿ ಬರೆಯುತ್ತೇನೆ, ಇಲ್ಲದಿದ್ದರೆ ಮುಂದಿನದು ಹಿಂದಾಗುತ್ತದೆ.

ಯಳವತ್ತಿಯಲ್ಲಿ ಇಳಿದು ಮಹಾದೇವ ಎಂಬ ಹೋಟೆಲಿನವನನ್ನು ಕಸ್ತೂರೆವ್ವನ ಮನೆ ಕೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ 'ಭೂಮಿ ಖಟ್ಲೆ ಏನ್ರಿ?' ಅಂದ. ಅಲ್ಲ, ಪದ ಕೇಳಲು ಬಂದೆ ಅಂದೆ. ನಂಬಲಿಲ್ಲ.

ಕಸ್ತೂರೆವ್ವ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಕಡಲೆ ಹಸನು ಮಾಡುತ್ತಿದ್ದಳು. ಅರವತ್ತೈದರ ಮೇಲೆ ಇರಬಹುದು, ಹಲ್ಲು ಕಮ್ಮಿ, ಧ್ವನಿ ಜಾಸ್ತಿ. ಯಮನೂರಸಾಬರ ಮಗಳು ರಹಿಮತಬಿಯ ಗಂಡ ನಾನು ಅಂದೆ.

"ಅಯ್ಯ, ಬರ್ರಿ ಅಳಿಯಾರ, ಬರ್ರಿ! ಕುಂಡ್ರಿ. ಮೂವತ್ತೆಂಟು ವರ್ಷಕ್ಕ ಒಮ್ಮಿ ಮಾವನ ಊರು ನೆನಪಾತೇನ? ಎಲ್ಲಿ ರಹಿಮತ? ಹಿಂದ ಬರಾಕತ್ತಾಳೇನು?"

ಹೇಳಿದೆ. ಜೂನ್ ತಿಂಗಳಲ್ಲಿ, ಮೂರು ದಿನದ ಜ್ವರ ಅಂದೆ. ಬಂದುಬಂದವರಿಗೆಲ್ಲ ಹೇಳಿ ಆ ವಾಕ್ಯ ಸವೆದುಹೋಗಿದೆ, ತಾನಾಗಿಯೇ ಬಾಯಿಂದ ಹೊರಗೆ ಬರುತ್ತದೆ. ಕಸ್ತೂರೆವ್ವ ಮೊರ ಕೆಳಗಿಟ್ಟಳು. ಬಹಳ ಹೊತ್ತು ಸೆರಗಿನ ತುದಿಯನ್ನು ಬಾಯಿಗೆ ಹಿಡಿದು ಕೂತಳು. ಅವಳು ಅಳುತ್ತಿದ್ದಳು, ನಾನು ಕಡಲೆಯಲ್ಲಿದ್ದ ಕಲ್ಲನ್ನು ನೋಡುತ್ತಿದ್ದೆ. ಎರಡು ಕಲ್ಲು ಆರಿಸಿ ಹೊರಗೆ ಹಾಕಿದೆ.

ಆಮೇಲೆ ಪದದ ವಿಷಯ ತೆಗೆದೆ. ಊರವರು ಯಮನೂರಸಾಬರ ಮೇಲೆ ಹೀಗೆ ಪದ ಕಟ್ಟಿದರಲ್ಲ, ಅದು ಈಗ ಪುಸ್ತಕದಲ್ಲಿ ಬರುವುದಿತ್ತು ಅಂದೆ.

"ಯಾರು ಕಟ್ಟಿದ್ರಂದ್ರಿ?"

"ಊರವರು."

"ಊರಾವ್ರಿಗೆ ಅಷ್ಟ ಶಾಣ್ಯಾತನ ಎಲ್ಲಿಂದ ಬರಬೇಕ್ರಿ ಅಳಿಯಾರ? ತಡೀರಿ, ನಿಮಗ ಆಡಿಂದರ ಗೊತ್ತೈತೋ ಇಲ್ಲೋ?"

ಯಾವ ಆಡು ಅಂದೆ. ಆಗ ಹೇಳಿದಳು. ಅವಳ ಮಾತಿನಲ್ಲೇ ಬರೆಯುತ್ತೇನೆ, ನನ್ನ ಮಾತಿನಲ್ಲಿ ಬರೆದರೆ ಅದು ಸೊಸೈಟಿಯ ವರದಿಯಾಗುತ್ತದೆ.

"ಪಂಚಮಿ ಮುಂದ ಊರಿನ ಬೋಗುಣಿ ಅಷ್ಟೂ ಬೇವಿನ ಗಿಡದ ಬುಡಕ್ಕ ಬರ್ತಿದ್ವು. ಮ್ಯಾಲಿನ ಓಣಿಯವ್ಕ ಕೆಂಪು ದಾರ, ಕೆಳಗಿನ ಓಣಿಯವ್ಕ ಕರೀ ದಾರ. ಕಿವಿಗೆ ಕಟ್ಟತಿದ್ದ ಯಮನೂರಸಾಬ. ಕಲಾಯಿ ಆದಮ್ಯಾಗ ಎಲ್ಲಾ ಬೆಳ್ಳಗ ಒಂದ ನಮೂನಿ, ದಾರ ಇಲ್ಲಂದ್ರ ದೇವರಿಗೂ ಗೊತ್ತಾಗೂದಿಲ್ಲ. ನಾ ಆಗ ಹೊಸಾ ಸೊಸಿ, ಹದಿನಾರು ವರ್ಷ. ನಮ್ಮ ಅತ್ತಿಯವ್ರಿಗೆ ವಾತಂತ ಆಡಿನ ಹಾಲು ಕುಡಿಸ್ತಿದ್ರು. ಆಡು ಕಟ್ಟಲೇ ಅಂದಿದ್ರು, ನಾ ಮರತೆ. ಯಮನೂರಸಾಬ ಮಧ್ಯಾಹ್ನ ನಮಾಜಿಗೆ ಹೋಗ್ಯಾನ. ಆ ದಾರಕ್ಕ ಕಲಾಯಿ ಹಾಕೂ ನವಸಾಗರದ ಪುಡಿ ಹತ್ತಿರತೈತಲ್ರಿ, ಉಪ್ಪು ಉಪ್ಪು. ಆಡು ಬಂತು, ಒಂದೊಂದ ದಾರ ಎಳದು ಎಳದು ತಿಂತು. ಕೆಂಪೂ ತಿಂತು, ಕರೀದೂ ತಿಂತು, ಅದಕ್ಕೇನ ಓಣಿ ಗೊತ್ತು! ನಾ ಓಡಿ ಹೋಗೂದ್ರೊಳಗ ಎಲ್ಲಾ ಖಾಲಿ. ಆಡು ಹಿಡಕೊಂಡು ಮನಿಗೆ ಓಡಿಬಂದೆ. ಅತ್ತಿ ಅಂಜಿಕಿಗೆ ಬಾಯಿ ಬಿಡಲಿಲ್ಲ."

"ಅವರು ಬಂದು ನೋಡಿದರೆ?"

"ನೋಡಿದ. ಯಾರಿಗೂ ಏನೂ ಅನ್ನಲಿಲ್ಲ. ನಲವತ್ತ ವರ್ಷ ನಿಮ್ಮ ಬೋಗುಣಿ ಮುಟ್ಟೀನಿ, ಮಾರಿ ನೋಡಿ ಗುರ್ತು ಹಿಡೀತೀನಿ ಅಂತ ಅವನ ಸೊಕ್ಕು! ಹಂಚಿಬಿಟ್ಟ. ನಮ್ಮ ಮನ್ಯಾಗ ಹುಗ್ಗಿ ಆತು. ಮಾವ ಎರಡ ಸಲ ಹಾಕಿಸ್ಕೊಂಡು 'ಈ ಸಲದ ಹುಗ್ಗಿಗೆ ಬ್ಯಾರೇನ ರುಚಿ ಬಂದೈತಿ' ಅಂದ್ರು. ನಾಕು ದಿನಕ್ಕ ಕೆಳಗಿನ ಓಣ್ಯಾಕಿ ಒಬ್ಬಾಕಿ ಬೋಗುಣಿ ಹಿಡಕೊಂಡು ಬಂದ್ಳು. 'ಇದು ನಿಮ್ಮದ್ರೆವ್ವಾ, ಇದರ ತಳದಾಗ ನಿಮ್ಮತ್ತಿ ಬೆಕ್ಕಿಗೆ ಒಗದ ಪೆಟ್ಟೈತಿ' ಅಂತ. ನಾವು ಆವಾಗ ನಮ್ಮ ಒಲಿ ಮ್ಯಾಲಿಂದು ನೋಡಿದ್ವಿ. ಅದು ಅಕೀದು. ಅದರಾಗ ಏನೇನ ಬೆಂದಿತ್ತೋ! ಮಾವ ಬಾವಿ ಕಡೆ ಓಡಿದ್ರು, ಬಾಯಾಗ ಬೆರಳು ಹಾಕ್ಕೊಂಡು. ನಾಕು ದಿನದ ಹಿಂದಿನ ಹುಗ್ಗಿ ಎಲ್ಲಿಂದ ಬರಬೇಕು?"

ಹೇಳುತ್ತ ಹೇಳುತ್ತ ನಕ್ಕಳು, ಕೆಮ್ಮು ಬರುವ ತನಕ. ನಾನೂ ನಕ್ಕೆನೆಂದು ಕಾಣುತ್ತದೆ, ಮುಖ ಹಾಗೆ ಆದದ್ದು ಗೊತ್ತಾಯಿತು.

ಪಂಚರು ಕೂಡಿದರು. ನಿನ್ನ ನಾನಾ ಎಲ್ಲ ಪಾತ್ರೆಗಳಿಗೂ ಮತ್ತೊಮ್ಮೆ ಪುಕ್ಕಟೆ ಕಲಾಯಿ ಹಾಕಿಕೊಟ್ಟರು, ಆಮೇಲೆ ಯಾರೂ ಒಂದು ಚೆಂಬನ್ನೂ ಕೊಡಲಿಲ್ಲ. ಒಂಬತ್ತು ವರ್ಷದ ರಹಿಮತಳನ್ನು ಕರೆದುಕೊಂಡು ಬೆಟಗೇರಿಗೆ ಬಂದರು. ಇಷ್ಟು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದು ಮುಂದಿನದು.

"ಮೂರು ವರ್ಷಕ್ಕ ಒಂದಿನ ಓಣ್ಯಾಗ ಪದ ಕೇಳಿಸ್ತು. ನೋಡಿದ್ರ ಯಮನೂರಸಾಬ! ಹೆಗಲ ಮ್ಯಾಲ ತಿದಿ, ಬಾಯಾಗ ಪದ. ಕಲಾಯಿ ಮುತ್ಯಾ ಬಂದಾನ ಅಂತ ತಾನ ಒದರಕೋತ ಬಂದ. ಗಡ್ಡಕ್ಕೂ ಕಲಾಯಿ ಹತ್ತೇತಿ ಅನ್ನೂ ಮುಂದ ಗಡ್ಡ ಹಿಂಗ ಕೆರಕೊಂಡು ತೋರಿಸ್ತಿದ್ದ. ಹುಡುಗೂರು ಹಿಂದ ಹತ್ತಿದ್ವು. ಹೆಣಮಕ್ಕಳು ಬಾಗಿಲಾಗ ನಿಂತು ನಕ್ಕರು. ನಕ್ಕಮ್ಯಾಲ ಬೋಗುಣಿ ತರಲಾರದ ಹೆಂಗಿರೂದ್ರಿ? ನಮ್ಮತ್ತಿನ ಮೊದಲ ಕೊಟ್ಳು. 'ಯಾರು ಕಟ್ಯಾರೋ ಈ ಪದ, ಮಾನಗೇಡಿ?' ಅಂದ್ಳು. 'ನನ್ನ ಮಗಳು ಕಟ್ಯಾಳ್ರೀ ಗೌಡಶ್ಯಾನಿ' ಅಂದ. ಎಷ್ಟು ಹೆಮ್ಮಿಲೆ ಅಂದ್ನಂತೀರಿ! ಬೆಟಗೇರಿಗೆ ಹೋದಮ್ಯಾಗ ಅಂವ ಮಾತಾಡೂದ ಬಿಟ್ಟಿದ್ನಂತ. ಉಣ್ಣು ಅಂದ್ರ ಉಣ್ಣೂದು, ಕುಂಡ್ರು ಅಂದ್ರ ಕುಂಡ್ರೂದು, ಕಲ್ಲಿನಂಗ. ಅಪ್ಪನ್ನ ನಗಸಬೇಕಂತ ಆ ಹುಡುಗಿ ಒಂದೊಂದ ಸಾಲು ಕಟ್ಟಿ ಅವನ ಮುಂದ ಹಾಡಿದ್ಳಂತ. ಏಳು ಸಾಲಿಗೂ ನಗಲಿಲ್ಲಂತ. ಚಂದ್ರಾಮನ ಸಾಲಿಗೆ ನಕ್ಕನಂತ."

ನೂರೀನ, ಆಮೇಲೆ ಕೇಳಬಾರದಿತ್ತು, ಕೇಳಿದೆ. ಮದುವೆಯಾದ ಮೇಲೆ ಅವಳು ಇಲ್ಲಿಗೆ ಬಂದಿದ್ದಳೆ?

"ಲಕ್ಷ್ಮೇಶ್ವರಕ್ಕ ಉರುಸಿಗೆ ಬಂದಾಗ ಒಮ್ಮೊಮ್ಮಿ ಬರ್ತಿದ್ಳು. ಒಂದು ಸಲ ನಮ್ಮ ಮೊಮ್ಮಗಳು ಕಾಂಚನಾ ಸಣ್ಣಾಕಿ, ರಂಪಾಟ ಮಾಡಾಕತ್ತಿದ್ಳು. 'ರಹಿಮತ, ನಿನ್ನ ಪದ ಹಾಡ, ಸುಮ್ಮನಾಗತೈತಿ ಕೂಸು' ಅಂದೆ. 'ಮನ್ಯಾಗ ಬಿಟ್ಟೇನಿ ಕಸ್ತೂರಿ' ಅಂದ್ಳು. 'ಯಾಕ?' ಅಂದೆ. 'ನಮ್ಮ ಮನಿಯವ್ರು ಕಲತಾವ್ರು, ದೊಡ್ಡ ದೊಡ್ಡ ಮಂದಿ ಬರ್ತಾರ' ಅಂದ್ಳು. ಸಿಟ್ಟಿಲೆ ಅನ್ನಲಿಲ್ಲ ಮತ್ತ. ನೀವು ಕಲತಾವ್ರಂತ ಭಾಳ ಇತ್ತು ಅಕಿಗೆ."

ಚಹಾ ಕೊಟ್ಟಳು. ಕುಡಿದೆ. ಬಸ್ಸಿಗೆ ಬಂದೆ.

ಮಾಲೀಕರು ಬಂದಿದ್ದರೆಂದು ನೀನು ಬರೆದಿದ್ದೆಯಲ್ಲ. ಹೌದು, ಬಂದಿದ್ದರು. ನೀನು ಹಾಡುತ್ತ ಒಳಗೆ ಬಂದಾಗ ಅವರು ನಕ್ಕು 'ಮುರ್ತುಜಾ, ಈ ಕಲಾಯಿ ಸಾಬ ನಿಮ್ಮ ಮಾವನೇ ಅಲ್ಲವೆ?' ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ನನ್ನ ಕಿವಿ ಬಿಸಿಯಾಯಿತು. ನಿನ್ನ ಅಮ್ಮಿಯ ನೋವು ಅಂದು ನನ್ನ ತಲೆಯಲ್ಲಿ ಇರಲೇ ಇಲ್ಲ. ಅದನ್ನು ಆಮೇಲೆ ಜೋಡಿಸಿಕೊಂಡೆ. ಇಷ್ಟು ವರ್ಷ ಅದನ್ನೇ ನಂಬಿದೆ. ಅವಳು ತಪ್ಪೆಂದು ತಿದ್ದಲಿಲ್ಲ, ಹಾಗಾಗಿ ಸರಿಯೆಂದೇ ತಿಳಿದೆ.

ಪ್ರೊಫೆಸರರ ಮೂರನೆಯ ಕಾರಣ ಇನ್ನೂ ಸಿಕ್ಕಿಲ್ಲ. ಬಹುಶಃ ಇನ್ನು ಹುಡುಕುವುದಿಲ್ಲ.

ಪ್ರೆಸ್ಸಿಗೆ ಹೋಗಬೇಕು. ಗೆರೆ ಎಳೆದು ಐದು ವಾರವಾಯಿತು. ಆ ಪುಟ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ನಾಳೆ ಹೋಗುತ್ತೇನೆ ಎಂದು ಬರೆಯಬಹುದು, ಆದರೆ ನನ್ನ ನಾಳೆಗಳು ಹೇಗಿವೆಯೆಂದು ನಿನಗೆ ಗೊತ್ತು.

ಅಬ್ಬಾ


ಗದಗ, ಪ್ರೆಸ್ಸಿನಿಂದ
೨೭ ಡಿಸೆಂಬರ್ ೧೯೯೭, ಶನಿವಾರ

ನೂರೀನ,

ಇವತ್ತು ಬಂದೆ. ಹನ್ನೆರಡು ದಿನ ತಡವಾಯಿತು. ಹೇಮಪ್ಪ ನಿನಗೆ ಗೊತ್ತಲ್ಲ, ಅಚ್ಚಿನ ಮೊಳೆ ಜೋಡಿಸುವವನು, ನಾನು ಈ ಪ್ರೆಸ್ಸಿಗೆ ಸೇರಿದ ವರ್ಷವೇ ಸೇರಿದವನು. ಹದಿನಾಲ್ಕನೆಯ ಪುಟ ಬೇಕಿತ್ತು ಅಂದೆ.

"ಯಾವ ಹದಿನಾಕನೇ ಪುಟ? ಹೊಡದ ಹಾಕಿದ್ದು ನೀವ ಹೌದಲ್ಲೋ? ಮೊಳಿ ಬಿಚ್ಚಿ ಕೇಸಿನಾಗ ಹಾಕಿ ತಿಂಗಳಾತು. ಅಲ್ಲೀಗ ಗಿಳಿ ಪದ ಕುಂ‌ತೈತಿ. ಸೋಮವಾರ ಮಷೀನಿಗೆ ಹೊಕ್ಕೈತಿ."

ಗಿಳಿಯನ್ನು ಹದಿನೈದರ ಕೆಳಗೆ ಕೂರಿಸಬಹುದು, ಅಲ್ಲಿ ಜಾಗ ಇದೆ ಅಂದೆ. ಹಳೆಯದು ಮತ್ತೆ ಬೇಕು ಅಂದೆ. ಅವನು ಕನ್ನಡಕ ತೆಗೆದ.

"ನೋಡ್ರಿ ಸಾಬರ, ಮೂವತ್ನಾಕು ವರ್ಷ ನನ್ನ ತಪ್ಪು ಹುಡಿಕೀರಿ. ಹಬ್ಬ ಅನ್ಲಿಲ್ಲ ಹುಣ್ಣಿವಿ ಅನ್ಲಿಲ್ಲ, ಕೆಂಪು ಶಾಯಿ ಸುರದೀರಿ. ಇವತ್ತ ನನಗ ಮದುವಿ ಕಾರ್ಡು ನಾನೂರದಾವ. ಬೇಕಂದ್ರ ನೀವ ಜೋಡಸ್ರಿ. ನಾ ತಪ್ಪು ಹುಡುಕ್ತೇನಿ."

ಜೋಡಿಸಲು ಕೂತೆ. ಇಷ್ಟು ವರ್ಷ ಮೊಳೆಗಳ ಪಕ್ಕದಲ್ಲೇ ಇದ್ದರೂ ಕೈಯಲ್ಲಿ ಹಿಡಿದಿರಲಿಲ್ಲ. ಅಕ್ಷರ ಎಲ್ಲ ಉಲ್ಟಾ, ಒತ್ತು ಬೇರೆ, ಕೊಂಬು ಬೇರೆ, ಯಾವ ಗೂಡಿನಲ್ಲಿ ಯಾವುದು ಎಂದು ಪ್ರತಿ ಸಲ ಕೇಳಬೇಕು. 'ಕಲಾಯಿ ಮುತ್ಯಾ ಬಂದಾನ' ಎಂಬ ಒಂದು ಸಾಲಿಗೆ ಅರ್ಧ ಗಂಟೆ. ಕೈ ತಪ್ಪಬಾರದೆಂದು ಪ್ರತಿ ಅಕ್ಷರವನ್ನೂ ಬಾಯಲ್ಲಿ ಹೇಳಿಕೊಳ್ಳುತ್ತಿದ್ದೆ. ಎರಡು ಸಾಲು ಆಗುವಷ್ಟರಲ್ಲಿ ಹೇಮಪ್ಪ ತನ್ನ ಕೆಲಸ ಮಾಡುತ್ತಲೇ ಮುಂದಿನ ಸಾಲು ಹೇಳತೊಡಗಿದ. ಅವನಿಗೂ ಬರುತ್ತದೆ ಆ ಪದ. ಬೆಟಗೇರಿಯಲ್ಲಿ ಹುಟ್ಟಿದವರಿಗೆಲ್ಲ ಬರುತ್ತದೆಯಂತೆ. ನನ್ನ ಮುಂದೆ ಯಾರೂ ಹೇಳುತ್ತಿರಲಿಲ್ಲ, ಅಷ್ಟೆ.

ಮಧ್ಯಾಹ್ನ ಊಟ ಬಿಟ್ಟೆ. ಎಂಟು ಸಾಲು ಆಯಿತು. ಸಂಪಾದಕರು ಕೇಳಿದ ಎರಡು ಸಾಲನ್ನು ಕಾಗದದ ಮೇಲೆ ಬರೆಯದೆ ನೇರವಾಗಿ ಮೊಳೆಯಲ್ಲೇ ಜೋಡಿಸಿದೆ:

'ಯಳವತ್ತಿಯ ಕಲಾಯಿಗಾರ ಯಮನೂರಸಾಬರು ಓಣಿ ಓಣಿಯಲ್ಲಿ ತಾವೇ ಹಾಡುತ್ತಿದ್ದ ಪದ. ಅವರನ್ನು ನಗಿಸಲು ಇದನ್ನು ಕಟ್ಟಿದವಳು ಅವರ ಮಗಳು ರಹಿಮತಬಿ.'

ಕೊನೆಯ ಸಾಲಿನಲ್ಲಿ ಇನ್ನೂ ಜಾಗ ಉಳಿದಿತ್ತು. ಅವಳ ಹೆಸರಿನ ಮುಂದೆ ನನ್ನ ಹೆಸರು ಹಿಡಿಸುತ್ತಿತ್ತು, ಇಂಥವರ ಪತ್ನಿ ಎಂದು. ಮೊದಲ ಅಕ್ಷರ ಕೈಗೆ ತೆಗೆದುಕೊಂಡಿದ್ದೆ ಕೂಡ. ಅದನ್ನು ಗೂಡಿಗೆ ವಾಪಸು ಹಾಕಿ ಆ ಜಾಗಕ್ಕೆಲ್ಲ ಖಾಲಿ ತುಂಡುಗಳನ್ನು ತುಂಬಿದೆ.

ಮೊದಲ ಪ್ರೂಫಿನಲ್ಲಿ ಹೇಮಪ್ಪ ಹನ್ನೊಂದು ತಪ್ಪು ಹಿಡಿದ. ಅವನ ಖುಷಿ ನೀನು ನೋಡಬೇಕಿತ್ತು. ಕೆಂಪು ಶಾಯಿ ಕೇಳಿ ಇಸಿದುಕೊಂಡು ಒಂದೊಂದಕ್ಕೂ ನನ್ನ ಹಾಗೇ ನಾಲಿಗೆ ಲೊಚಗುಟ್ಟಿ ಗುರುತು ಹಾಕಿದ. 'ಬಿ.ಎ. ಅಂತ, ಬಿ.ಎ.!' ಅಂದ. ಪಾಸಾಗಿಲ್ಲಪ್ಪ ಅಂದೆ. 'ಅದ ಅನ್ನೂದು' ಅಂದ. ಹನ್ನೊಂದನ್ನೂ ತಿದ್ದಿದೆ. ಎರಡನೆಯ ಪ್ರೂಫ್ ತೆಗೆದುಕೊಟ್ಟು ಅವನು ಕೈ ತೊಳೆಯಲು ಹೋದ. ಸೋಮವಾರ ಇದೇ ಪುಟ ಮಷೀನಿಗೆ ಹೋಗುತ್ತದೆ. ಗುಲ್ನಾಜ ಕೇಳಿದರೆ ಹೇಳಲು ಈಗ ನಿನ್ನ ಹತ್ತಿರ ಉತ್ತರ ಇದೆ.

ಕಿಟಕಿಯ ಹತ್ತಿರ ಸ್ಟೂಲು ಹಾಕಿಕೊಂಡು ಆ ಪ್ರೂಫಿನ ಪಕ್ಕದಲ್ಲೇ ಇದನ್ನು ಬರೆಯುತ್ತಿದ್ದೇನೆ. ನಾಲ್ಕು ಸಲ ಓದಿದೆ. ತಪ್ಪಿಲ್ಲ. ನನ್ನ ಕೆಲಸದಲ್ಲಿ ತಪ್ಪಿಲ್ಲದಿದ್ದರೆ ಕೆಳಗೆ ಸಹಿ ಹಾಕಿ ಎದ್ದು ಹೋಗಬೇಕು. ಒಂದೇ ಒಂದು ಸಿಕ್ಕಿದ್ದರೂ ತಿದ್ದುವ ನೆಪದಲ್ಲಿ ಅವಳ ಹೆಸರಿನ ಎದುರು ಇನ್ನಷ್ಟು ಹೊತ್ತು ಕೂಡಬಹುದಿತ್ತು. ಐದನೆಯ ಸಲ ಮೊದಲಿನಿಂದ ಶುರು ಮಾಡಿದ್ದೇನೆ, ಬೆರಳು ಇಟ್ಟು, ಒಂದೊಂದೇ ಅಕ್ಷರ. ಏಳನೆಯ ಸಾಲಿನವರೆಗೆ ಬಂದಿದ್ದೇನೆ. ಮುಂದಿನದು, ಚಂದ್ರಾಮನ ಸಾಲು, ಸರಿಯಾಗಿ ಕಾಣುತ್ತಿಲ್ಲ. ಬೆಳಕು ಹೋಗುತ್ತಿದೆ.

ಅಬ್ಬಾ